‘ಮತ್ತು ಸಂಗಡಿಗರು’



ಕಳೆದ ತಿಂಗಳು ಲಿಂಗಸುಗೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆಮಂತ್ರಣ ಪತ್ರಿಕೆಯೊಂದನ್ನು ಕಳುಹಿಸಿದ್ದನು. ವಚನ ಗಾಯನದ ಕಾರ್ಯಕ್ರಮ. ನುಣುಪಾದ ಕಾಗದ, ನಾಲ್ಕು ಬಣ್ಣದ ಮುದ್ರಣ. ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದ ಕೈ ಸುಮ್ಮನಿರಲಿಲ್ಲ. ಅದರಲ್ಲಿದ್ದ ಹೆಸರುಗಳನ್ನು ಎಣಿಸಿದೆ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಸ್ವಾಗತ, ನಿರೂಪಣೆ, ವಂದನಾರ್ಪಣೆ ಎಲ್ಲ ಸೇರಿ ೩೧ ಹೆಸರುಗಳು. ಶಾಮಿಯಾನ ಹಾಕುವವರ ಹೆಸರಿತ್ತು. ಧ್ವನಿವರ್ಧಕ ಒದಗಿಸುವವರ ಹೆಸರಿತ್ತು. ಗಾಯಕರ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಮುಂದೆ ಎರಡು ಪದ: ‘ಮತ್ತು ಸಂಗಡಿಗರಿಂದ’.

ಆ ಎರಡು ಪದಗಳ ವಿರುದ್ಧ ಈ ಲೇಖನ.

ಧ್ವನಿವರ್ಧಕದ ಮಾಲೀಕನಿಗೆ ಹೆಸರಿದೆ, ಆ ಧ್ವನಿವರ್ಧಕದೊಳಗಿಂದ ಬರುವ ಹಾರ್ಮೋನಿಯಂ ಯಾರದು, ತಬಲಾ ಯಾರದು ಎಂಬುದಕ್ಕೆ ಹೆಸರಿಲ್ಲ. ಹಾಡುವುದೇನನ್ನು? ಯಾವ ಕಾಯಕವೂ ಕೀಳಲ್ಲ, ಯಾವ ಕಾಯಕವೂ ಮೇಲಲ್ಲ ಎಂದು ಸಾರಿದ ಶರಣರ ವಚನಗಳನ್ನು! ಇದಕ್ಕಿಂತ ದೊಡ್ಡ ವಿಡಂಬನೆಯನ್ನು ನಾನು ಇತ್ತೀಚೆಗೆ ಕಂಡಿಲ್ಲ.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ‘ಪೇಟಿ’ ಎನ್ನುತ್ತಾರೆ, ನುಡಿಸುವವರಿಗೆ ‘ಪೇಟಿ ಮಾಸ್ತರ’. ನಿಮ್ಮಲ್ಲಿ ಚಿಕ್ಕವರಾದವರಿಗೆ ಈ ಮಾಸ್ತರರ ಪರಿಚಯವಿರಲಾರದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಸಿಂಧನೂರು, ಮಸ್ಕಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣದ ಕೆಲಸ ತೀರಿದೊಡನೆ ನಾಟಕದ ಮಾತು ಏಳುತ್ತಿತ್ತು. ಜಾತ್ರೆಗೋ ಯುಗಾದಿಗೋ ನಾಟಕ ಆಡಬೇಕೆಂದು ಊರ ಯುವಕರು ಚಂದಾ ಎತ್ತಿ, ಪೇಟಿ ಮಾಸ್ತರರನ್ನು ಕರೆತರುತ್ತಿದ್ದರು. ಅವರು ಎರಡು, ಮೂರು ತಿಂಗಳು ಊರಲ್ಲಿಯೇ ಬಿಡಾರ ಹೂಡುತ್ತಿದ್ದರು. ಊಟ ದಿನಕ್ಕೊಂದು ಮನೆಯಲ್ಲಿ, ನಿದ್ರೆ ಗುಡಿಯ ಪೌಳಿಯಲ್ಲಿ. ರಾತ್ರಿ ಉಂಡ ಮೇಲೆ ಕಂದೀಲಿನ ಬೆಳಕಿನಲ್ಲಿ ತಾಲೀಮು.

ಹಗಲೆಲ್ಲ ಕುಂಟೆ ಹೊಡೆದು ಬಂದ ರೈತನಿಗೆ ರಂಗಗೀತೆ ಕಲಿಸುವುದೆಂದರೆ ಏನು ಕಡಿಮೆಯ ಕೆಲಸವೇ? ಮೊದಲು ಅವನ ಕಂಠ ಯಾವ ಪಟ್ಟಿಗೆ ಹೊಂದುತ್ತದೆಂದು ಹುಡುಕಬೇಕು. ಒಬ್ಬನದು ಬಿಳಿ ಒಂದು, ಇನ್ನೊಬ್ಬನದು ಕರಿ ಎರಡು, ಹೆಣ್ಣು ಪಾತ್ರದವನದು ಇನ್ನೂ ಮೇಲೆ. ಒಂದೇ ದೃಶ್ಯದಲ್ಲಿ ಮೂವರು ಹಾಡುವುದಿದ್ದರೆ ಮೂರು ಶ್ರುತಿಗಳ ನಡುವೆ ಕಿವಿಗೆ ಕರ್ಕಶವಾಗದಂತೆ ದಾಟಿಸಬೇಕು. ನಾಟಕದ ರಾತ್ರಿ ನಟ ಪದ ಮರೆತರೆ ಅದೇ ಸಾಲಿನ ಸ್ವರವನ್ನು ಮತ್ತೊಮ್ಮೆ ನುಡಿಸಿ ನೆನಪಿಸಬೇಕು. ತಾಳ ತಪ್ಪಿ ಅರ್ಧ ಮಾತ್ರೆ ಮುಂದೆ ಓಡಿದರೆ ತಬಲಾದವನೊಡನೆ ಕಣ್ಣಲ್ಲೇ ಮಾತಾಡಿಕೊಂಡು, ಇಬ್ಬರೂ ಓಡಿ ಅವನನ್ನು ಹಿಡಿಯಬೇಕು. ನಟ ಗೆದ್ದರೆ ಜನರು ಅವನಿಗೆ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು, ನೋಟಿನ ಹಾರ ಹಾಕುತ್ತಿದ್ದರು. ಸೋತರೆ ‘ಪೇಟಿ ಸರಿ ಇರಲಿಲ್ಲ’ ಎನ್ನುತ್ತಿದ್ದರು. ಮಾಸ್ತರರು ರಂಗದ ಮುಂದುಗಡೆ, ಕಾಲುಪೇಟಿಯ ಎದುರು, ನಟರ ಕಡೆಗೆ ಮುಖಮಾಡಿ ಕುಳಿತಿರುತ್ತಿದ್ದರು. ಹೀಗಾಗಿ ನಾವು ಬೆಳಗಿನ ತನಕ ನೋಡಿದ್ದು ಅವರ ಬೆನ್ನನ್ನು ಮಾತ್ರ.

ಇವರೆಲ್ಲ ಬರಿಯ ಹಳ್ಳಿಯ ನಾಟಕದವರು, ಇವರಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ಮೂಗು ಮುರಿಯುವವರು ಇದ್ದಾರೆ. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸಿಕೊಳ್ಳಲಿ. ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪), ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅಂಧ ಬಾಲಕರಿಗೆ, ಬಡ ಮಕ್ಕಳಿಗೆ ಅನ್ನವಿಕ್ಕಿ ವಿದ್ಯೆ ಕೊಟ್ಟ ಸ್ಥಳವದು. ಅಲ್ಲಿ ಕಲಿತವರೆಲ್ಲರೂ ಗಾಯಕರಾಗಲಿಲ್ಲ. ಎಷ್ಟೋ ಜನ ಹಾರ್ಮೋನಿಯಂ, ತಬಲಾ, ಪಿಟೀಲು ಹಿಡಿದು ಇನ್ನೊಬ್ಬರ ಪಕ್ಕದಲ್ಲಿ ಕುಳಿತು ಬದುಕಿದರು. ಸ್ವತಃ ಪುಟ್ಟರಾಜರೇ ಅನೇಕ ವಾದ್ಯಗಳನ್ನು ಬಲ್ಲವರು. ಅದೇ ಆಶ್ರಮದಿಂದ ನಾಟಕ ಕಂಪನಿಯೂ ಹೊರಟು ಊರೂರು ತಿರುಗಿತು. ಗಾಯನ ಮೇಲು, ನಾಟಕದ ಪೇಟಿ ಕೀಳು ಎಂಬ ಭೇದ ಆ ಮಹಾನುಭಾವರಿಗೆ ಇರಲಿಲ್ಲ. ನಮಗೆಲ್ಲಿಂದ ಬಂತು?

ಒಂದಿಷ್ಟು ಮೇಲಿನಿಂದಲೂ ಬಂತು ಎಂದು ಹೇಳಬೇಕು. ೧೯೪೦ರ ಮಾರ್ಚ್ ೧ರಿಂದ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ಕೇಂದ್ರಗಳಿಂದ ಹೊರಗಟ್ಟಿತು. ಈ ವಾದ್ಯ ಪರದೇಶದ್ದು, ಇದರ ಸ್ವರಗಳು ಮೊದಲೇ ಗೂಟ ಬಡಿದಂತೆ ನಿಂತಿರುತ್ತವೆ, ಮೀಂಡ್ ಬರುವುದಿಲ್ಲ, ಸೂಕ್ಷ್ಮ ಶ್ರುತಿಗಳು ಹೊರಡುವುದಿಲ್ಲ ಎಂಬುದು ವಾದ. ರವೀಂದ್ರನಾಥ ಠಾಕೂರರಂಥವರೂ ಹಾರ್ಮೋನಿಯಮ್ಮಿನ ವಿರೋಧಿಗಳ ಸಾಲಿನಲ್ಲಿದ್ದರು. ೧೯೫೦ರಲ್ಲಿ ಧಾರವಾಡ ಕೇಂದ್ರ ಆರಂಭವಾದಾಗ ಈ ನಿಷೇಧ ಜಾರಿಯಲ್ಲಿಯೇ ಇತ್ತು. ೧೯೭೧ರಲ್ಲಿ ಅದು ಸಡಿಲಗೊಂಡಿತು, ಅದೂ ಭಾಗಶಃ, ಪಕ್ಕವಾದ್ಯವಾಗಿ ಮಾತ್ರ. ಮೂವತ್ತು ವರ್ಷಗಳ ಕಾಲ ಗುಡಿ, ಮಠ, ನಾಟಕದ ತಂಬು, ತತ್ವಪದದ ಭಜನೆ, ದಾಸರ ಪದದ ಮೇಳ, ಎಲ್ಲೆಡೆ ಇದ್ದ ವಾದ್ಯವು ರೇಡಿಯೋದೊಳಗೆ ಮಾತ್ರ ಇರಲಿಲ್ಲ. ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳ ಕೀರ್ತನೆಯಲ್ಲಿಯೂ ಅದೇ ಪೇಟಿ! ವಾದ್ಯದ ಮಿತಿಗಳ ಬಗೆಗಿನ ಆಕ್ಷೇಪಣೆಯಲ್ಲಿ ಸತ್ಯವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮಿತಿಯುಳ್ಳ ವಾದ್ಯದಿಂದ ಗಾಯಕನಿಗೆ ನೆರಳಾಗಿ ನಿಲ್ಲುವುದು ಹೆಚ್ಚಿನ ವಿದ್ಯೆಯೋ ಕಡಿಮೆಯ ವಿದ್ಯೆಯೋ, ನೀವೇ ಹೇಳಿ.

ಬೆಳಗಾವಿಯ ರಾಮಭಾವು ಬಿಜಾಪುರೆಯವರು (೧೯೧೭–೨೦೧೦) ತಮ್ಮ ದೀರ್ಘ ಜೀವಿತವನ್ನು ಈ ಪೇಟಿಗೆ ಮುಡುಪಾಗಿಟ್ಟವರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಮುಂತಾದ ದಿಗ್ಗಜರಿಗೆ ಸಾಥ್ ನೀಡಿದವರು. ಮನಸೂರರಂಥವರು ಮುಂದೆ ಯಾವ ತಿರುವು ತೆಗೆದುಕೊಳ್ಳುತ್ತಾರೆಂಬುದು ಅವರಿಗೇ ತಿಳಿಯದ ಕ್ಷಣದಲ್ಲಿ, ಅರ್ಧ ಉಸಿರಿನಷ್ಟು ಹಿಂದೆ ಉಳಿದು, ಆದರೆ ಎಲ್ಲಿಯೂ ಹಿಂದುಳಿಯದೆ ನುಡಿಸಬೇಕು. ಹೆಚ್ಚು ನುಡಿಸಿದರೆ ಅಹಂಕಾರ, ಕಡಿಮೆ ನುಡಿಸಿದರೆ ಅಸಾಮರ್ಥ್ಯ. ಗಂಗೂಬಾಯಿಯವರ (೧೯೧೩–೨೦೦೯) ಕಛೇರಿಗಳಲ್ಲಿ ಹಿಂದೆ ಕುಳಿತು ದನಿಗೂಡಿಸುತ್ತಿದ್ದವರು ಅವರ ಮಗಳು ಕೃಷ್ಣಾ ಹಾನಗಲ್. ತಬಲಾದಲ್ಲಿ ಮನೆತನದವರೇ ಆದ ಶೇಷಗಿರಿ ಹಾನಗಲ್. ತಾಯಿ ಉಸಿರು ತೆಗೆದುಕೊಳ್ಳುವಾಗ ರಾಗ ಖಾಲಿಯಾಗದಂತೆ ಮಗಳ ದನಿ ತುಂಬಿಕೊಳ್ಳುತ್ತಿತ್ತು. ತಾಯಿಯ ಹೆಸರು ನಾಡಿಗೆಲ್ಲ ಗೊತ್ತು, ಗೊತ್ತಿರಲೇಬೇಕು. ೨೦೦೪ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡ ಆ ಮಗಳ ಹೆಸರನ್ನು ನಮ್ಮ ಜಿಲ್ಲೆಯ ಎಷ್ಟು ಸಂಗೀತ ಪ್ರೇಮಿಗಳು ಥಟ್ಟನೆ ಹೇಳಬಲ್ಲರು?

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬನು ಅಲ್ಲಿಯ ಗ್ರಾಮೀಣರ ಸಂಗೀತವನ್ನು, ಅವರು ಕಂಟ್ರಿ ಎನ್ನುವ ಪ್ರಕಾರವನ್ನು, ನನಗೆ ಕೇಳಿಸಿದನು. ಹ್ಯಾಂಕ್ ವಿಲಿಯಮ್ಸ್ ಎಂಬ ಗಾಯಕ ೧೯೫೩ರ ಜನವರಿ ೧ರಂದು, ಕೇವಲ ೨೯ನೆಯ ವಯಸ್ಸಿನಲ್ಲಿ ತೀರಿಕೊಂಡವನು. ಅವನ ಹಾಡುಗಳಲ್ಲಿ ದನಿಯ ಬೆನ್ನಿಗೇ ಅಳುವಂತೆ ಜಾರುವ ಒಂದು ನಾದವಿದೆ. ಅದು ಸ್ಟೀಲ್ ಗಿಟಾರ್, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ವಾದ್ಯ. ನುಡಿಸಿದವರು ಡಾನ್ ಹೆಲ್ಮ್ಸ್ (೧೯೨೭–೨೦೦೮), ಅವನ ನೂರಕ್ಕೂ ಹೆಚ್ಚು ಹಾಡುಗಳಲ್ಲಿ. ಆ ಕಾಲದ ಧ್ವನಿಮುದ್ರಿಕೆಗಳ ಮೇಲೆ ಗಾಯಕನ ಹೆಸರಿರುತ್ತಿತ್ತು, ಜೊತೆಗೆ ತಂಡದ ಹೆಸರು, ಅಷ್ಟೇ. ಅವರ ‘ಮತ್ತು ಸಂಗಡಿಗರು’! ಆದರೆ ಅಲ್ಲಿಯ ಕೇಳುಗರು ಅಲ್ಲಿಗೇ ಬಿಡಲಿಲ್ಲ. ಯಾವ ಹಾಡಿಗೆ ಯಾರು ನುಡಿಸಿದರೆಂದು ಹುಡುಕಿದರು, ಪಟ್ಟಿ ಮಾಡಿದರು, ಸ್ಟೀಲ್ ಗಿಟಾರ್ ವಾದಕರಿಗೆಂದೇ ಒಂದು ಗೌರವ ಪೀಠವನ್ನು ಸ್ಥಾಪಿಸಿದರು. ಪೇಟಿ ನಮ್ಮದು, ಕಿವಿ ಮಾತ್ರ ಅವರದು ಎನ್ನುವಂತಾಗಬಾರದು.

ನಮ್ಮ ನಾಡಿನಲ್ಲಿಯೂ ಒಳ್ಳೆಯ ಮಾದರಿ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಂಗಣವಿದೆ, ಚೌಡಯ್ಯ ಸ್ಮಾರಕ ಭವನ. ಏಳು ತಂತಿಯ ಪಿಟೀಲಿನ ಮೈಸೂರು ಟಿ. ಚೌಡಯ್ಯನವರು (೧೮೯೫–೧೯೬೭) ಬಹುಕಾಲ ಗಾಯಕರ ಪಕ್ಕದಲ್ಲಿ ಕುಳಿತು ಮೆರೆದವರೇ. ಕರ್ನಾಟಕ ಸಂಗೀತದ ಆಮಂತ್ರಣ ಪತ್ರಿಕೆಯನ್ನು ನೋಡಿ: ಗಾಯನ ಇಂಥವರು, ಪಿಟೀಲು ಇಂಥವರು, ಮೃದಂಗ ಇಂಥವರು, ಘಟ ಇಂಥವರು. ಅಲ್ಲಿ ಸಾಧ್ಯವಾದದ್ದು ರಾಯಚೂರು ಜಿಲ್ಲೆಯಲ್ಲಿ ಏಕೆ ಸಾಧ್ಯವಿಲ್ಲ? ನಮ್ಮ ಜಿಲ್ಲೆಯ ಹೆಮ್ಮೆಯಾದ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ರಾಯಚೂರಿನ ರಂಗಮಂದಿರಕ್ಕೆ ಇಟ್ಟಿದ್ದೇವೆ, ಸರಿಯಾದುದನ್ನೇ ಮಾಡಿದ್ದೇವೆ. ಅದೇ ರಂಗಮಂದಿರದೊಳಗೆ ತಬಲಾದವರ ಹೆಸರಿಲ್ಲದ ಕಾರ್ಯಕ್ರಮ ನಡೆದರೆ ಆ ಗೌರವ ಅರ್ಧವೇ.

ಈಗ ಎದುರು ವಾದಗಳಿಗೆ ಬರುತ್ತೇನೆ. ಇವನ್ನು ನಾನು ಸಂಘಟಕರ ಬಾಯಿಂದಲೇ ಕೇಳಿದ್ದೇನೆ.

‘ಪತ್ರಿಕೆಯಲ್ಲಿ ಜಾಗ ಸಾಲದು.’ ೩೧ ಹೆಸರುಗಳಿಗೆ ಸಾಲುವ ಜಾಗ ೩೩ಕ್ಕೆ ಸಾಲದೆ? ‘ವಿಶೇಷ ಆಹ್ವಾನಿತರು’ ಎಂಬ ಸಾಲಿನಲ್ಲಿರುವ ಅರ್ಧದಷ್ಟು ಜನ ಕಾರ್ಯಕ್ರಮಕ್ಕೆ ಬರುವುದೇ ಇಲ್ಲ. ಬಾರದವರಿಗೆ ಹೆಸರು, ಮೊದಲು ಬಂದು ಜಮಖಾನೆ ಹಾಸಿಕೊಂಡು ಶ್ರುತಿ ಮಾಡಿಕೊಂಡು ಕೂರುವವರಿಗೆ ಇಲ್ಲ.

‘ಅವರಿಗೆ ಸಂಭಾವನೆ ಕೊಟ್ಟಿದ್ದೇವಲ್ಲ.’ ಗಾಯಕರಿಗೂ ಕೊಟ್ಟಿದ್ದೀರಿ. ಅವರ ಹೆಸರನ್ನೇಕೆ ಹಾಕಿದಿರಿ?

‘ಅವರು ಬರಿಯ ಹಿಂಬಾಲಕರು.’ ಹಾಗಾದರೆ ಮುಂದಿನ ಕಾರ್ಯಕ್ರಮದಲ್ಲಿ ಅವರಿಲ್ಲದೆ ಹಾಡಿಸಿ ನೋಡಿ. ಹಾಡಿಸುತ್ತಿದ್ದಾರೆ ಸಹ! ಧ್ವನಿಮುದ್ರಿತ ‘ಟ್ರ್ಯಾಕ್’ ಹಾಕಿ ಅದರ ಮೇಲೆ ಹಾಡುವ ಪದ್ಧತಿ ನಮ್ಮ ತಾಲೂಕುಗಳಿಗೂ ಬಂದಿದೆ. ಕೇಳಿ ನೋಡಿ. ಹಾಡುವವನು ತಡೆದರೆ ಟ್ರ್ಯಾಕು ತಡೆಯುವುದಿಲ್ಲ. ಅವನು ಮರೆತರೆ ನೆನಪಿಸುವುದಿಲ್ಲ. ಗಾಯಕನು ಯಂತ್ರದ ಹಿಂದೆ ಓಡುತ್ತಾನೆ. ಯಾರು ಯಾರ ಹಿಂಬಾಲಕರಾಗಿದ್ದರೆಂಬುದು ಆಗ ತಿಳಿಯುತ್ತದೆ.

‘ಅವರೇ ಎಂದೂ ಕೇಳಿಲ್ಲ.’ ಈ ಮಾತಿಗೆ ಉತ್ತರ ಕೊಡಬೇಕಾದರೆ ನಾನು ನನ್ನ ತಪ್ಪನ್ನು ಹೇಳಿಕೊಳ್ಳಬೇಕು.

ನಮ್ಮ ಸೀಮೆಯ ಪೇಟಿ ಮಾಸ್ತರರೊಬ್ಬರು ನಾನು ಕೆಲಸ ಮಾಡಿದ ಶಾಲೆಗಳಿಗೆ ಬಹಳ ವರ್ಷ ಬಂದಿದ್ದಾರೆ. ನಿಮ್ಮಲ್ಲಿ ಎಷ್ಟೋ ಜನ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಹಾಡಿದ್ದು ಅವರ ಪೇಟಿಗೇ. ಹಾಡಲು ಬಾರದವರನ್ನೂ ಹಾಡಿಸಿದರು, ವೇದಿಕೆ ಹತ್ತಿ ನಡುಗುವ ಹುಡುಗಿಗೆ ಎರಡೆರಡು ಬಾರಿ ಸ್ವರ ಕೊಟ್ಟು ಕಾದು ಕುಳಿತರು. ಸುಮಾರು ಹತ್ತು ವರ್ಷಗಳ ಹಿಂದೆ ಅವರು ವೃದ್ಧ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕೆಂದು ನನ್ನ ಬಳಿಗೆ ಬಂದರು. ಅರ್ಜಿಯ ಜೊತೆಗೆ ಕಲಾಸೇವೆಯ ದಾಖಲೆ ಇಡಬೇಕಾಗಿತ್ತು. ಪ್ರಮಾಣ ಪತ್ರ, ಆಮಂತ್ರಣ ಪತ್ರಿಕೆ, ಭಾವಚಿತ್ರ, ಹೀಗೆ. ಮಾಸ್ತರರು ತಗಡಿನ ಟ್ರಂಕನ್ನೇ ಹೊತ್ತು ತಂದಿದ್ದರು. ಅದರ ತುಂಬ ನಾಟಕದ ಕರಪತ್ರಗಳು, ಆಮಂತ್ರಣ ಪತ್ರಿಕೆಗಳು, ಒಂದೊಂದನ್ನೂ ಜೋಪಾನವಾಗಿ ಮಡಿಸಿ ಇಟ್ಟಿದ್ದರು. ನಾವಿಬ್ಬರೂ ಒಂದು ಮಧ್ಯಾಹ್ನವೆಲ್ಲ ಕುಳಿತು ಬಿಡಿಸಿ ನೋಡಿದೆವು. ದುರ್ಯೋಧನನ ಪಾತ್ರ ಇಂಥವರು, ದ್ರೌಪದಿಯ ಪಾತ್ರ ಇಂಥವರು, ಪರದೆ, ಸೀನರಿ ಇಂಥವರು. ಅವರ ಹೆಸರು ಒಂದರಲ್ಲಿಯೂ ಇರಲಿಲ್ಲ. ಭಾವಚಿತ್ರಗಳಲ್ಲಿ ನಟರ ಮುಖಗಳಿದ್ದವು, ಮುಂದೆ ಒಂದು ಬೆನ್ನು ಇತ್ತು.

ಆ ರಾಶಿಯಲ್ಲಿ ನನ್ನ ಶಾಲೆಯ ಪತ್ರಿಕೆಗಳೂ ಇದ್ದವು. ಒಂಬತ್ತು ಪತ್ರಿಕೆಗಳು. ಅವನ್ನು ಬರೆದವನು ನಾನೇ. ಅಚ್ಚಿನ ಮನೆಗೆ ಒಯ್ದು, ಕಾಗುಣಿತ ತಿದ್ದಿ, ಅತಿಥಿಗಳ ಹೆಸರಿನಲ್ಲಿ ಒಂದು ದೀರ್ಘವೂ ತಪ್ಪದಂತೆ ನೋಡಿಕೊಂಡವನು ನಾನೇ. ಒಂಬತ್ತರಲ್ಲಿಯೂ ‘ವಿದ್ಯಾರ್ಥಿಗಳಿಂದ ಮನರಂಜನೆ’ ಎಂದು ಬರೆದಿದ್ದೆ. ಮಾಸ್ತರರು ಒಂದು ಮಾತೂ ಆಡಲಿಲ್ಲ. ಪತ್ರಿಕೆಗಳನ್ನು ಮೊದಲಿನ ಮಡಿಕೆಯಂತೆಯೇ ಮಡಿಸಿ ಟ್ರಂಕಿನೊಳಗೆ ಇಟ್ಟುಕೊಂಡರು.

ದಾಖಲೆ ಸಾಲದೆಂದು ಅರ್ಜಿ ಹಿಂದಕ್ಕೆ ಬಂತು. ನಾನು ಪ್ರಮಾಣ ಪತ್ರ ಬರೆದುಕೊಟ್ಟೆ. ಆದರೆ ನಿವೃತ್ತ ಶಿಕ್ಷಕನೊಬ್ಬನು ಇಂದು ಬರೆದ ಕಾಗದಕ್ಕೂ ಅಂದು ಅಚ್ಚಾದ ಹೆಸರಿಗೂ ಸಮನಾದ ತೂಕವಿಲ್ಲ. ಅರ್ಜಿ ನೋಡಿದ ಗುಮಾಸ್ತನನ್ನು ನಾನು ದೂರುವುದಿಲ್ಲ. ಅವನು ಕೇಳಬೇಕಾದುದನ್ನೇ ಕೇಳಿದನು. ಕೊಡಬೇಕಾದುದನ್ನು ನಾವು ಕೊಟ್ಟಿರಲಿಲ್ಲ. ಮಾಸ್ತರರು ಮತ್ತೊಮ್ಮೆ ಅರ್ಜಿ ಹಾಕಲು ಒಪ್ಪಲಿಲ್ಲ.

ಆದ್ದರಿಂದ, ‘ಅವರೇ ಕೇಳಿಲ್ಲ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕೇಳದವನ ಹೆಸರನ್ನು ಬರೆಯುವುದೇ ಬರೆಯುವವನ ಧರ್ಮ. ಕೇಳಿಸಿಕೊಂಡ ಮೇಲೆ ಬರೆಯುವುದರಲ್ಲಿ ಏನು ಹೆಚ್ಚುಗಾರಿಕೆ?

ಮಸ್ಕಿಯ ಮಕ್ಕಳಿಗೆ ನಾನು ಇತಿಹಾಸದ ಪಾಠದಲ್ಲಿ ಪ್ರತಿವರ್ಷ ಹೇಳುತ್ತಿದ್ದ ಒಂದು ಸಂಗತಿ ನಿಮಗೆ ನೆನಪಿರಬೇಕು. ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ದೇಶದ ತುಂಬ ಬಂಡೆಗಳ ಮೇಲೆ, ಕಂಬಗಳ ಮೇಲೆ ಇದ್ದವು. ಆ ರಾಜನು ಅಶೋಕನೇ ಎಂದು ವಿದ್ವಾಂಸರು ಊಹಿಸಿದ್ದರೇ ಹೊರತು ಶಾಸನದಲ್ಲಿ ಹೆಸರು ಸಿಕ್ಕಿರಲಿಲ್ಲ. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ನಮ್ಮ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡನು. ಅದರಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಒಂದು ಹೆಸರು ಇಡೀ ಚರ್ಚೆಗೆ ತೆರೆ ಎಳೆಯಿತು. ಹೆಸರಿನ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಊರು ನಮ್ಮದು.

ಅದರ ಮುಂದಿನ ಭಾಗವನ್ನು ನಾನು ತರಗತಿಯಲ್ಲಿ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ ಕೊನೆಯಲ್ಲಿ ಇನ್ನೊಂದು ಹೆಸರಿದೆ: ಚಪಡ. ಅವನು ಲಿಪಿಕಾರ. ಚಕ್ರವರ್ತಿಯ ಮಾತನ್ನು ಬರೆದವನು, ಅಷ್ಟೇ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಅವನು ದೂರದ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಸಾಮ್ರಾಟನ ಆಜ್ಞೆಯ ಕೆಳಗೆ ಲಿಪಿಕಾರನ ಹೆಸರಿಗೆ ಜಾಗವಿತ್ತು. ಹೊಯ್ಸಳರ ಗುಡಿಗಳಲ್ಲಿ ದಾಸೋಜ, ಮಲ್ಲಿತಮ್ಮ ಮೊದಲಾದ ರೂವಾರಿಗಳ ಹೆಸರುಗಳು ವಿಗ್ರಹಗಳ ಅಡಿಯಲ್ಲಿವೆ. ಕಲ್ಲಿನಲ್ಲಿ ಕೊರೆಯುವ ಕಷ್ಟದ ಕಾಲದಲ್ಲಿ ಅವರು ಹೆಸರು ಉಳಿಸಿದರು. ಕಂಪ್ಯೂಟರಿನಲ್ಲಿ ಬೆರಳು ತಾಗಿಸಿದರೆ ಅಕ್ಷರ ಮೂಡುವ ಕಾಲದಲ್ಲಿ ನಾವು ಜಾಗವಿಲ್ಲ ಎನ್ನುತ್ತೇವೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ಜಾತ್ರಾ ಸಮಿತಿ, ಸಂಘ, ಪರಿಷತ್ತುಗಳಲ್ಲಿದ್ದೀರಿ. ಆಮಂತ್ರಣ ಪತ್ರಿಕೆ ಬರೆಯುವಾಗ ಹಾರ್ಮೋನಿಯಂ, ತಬಲಾ, ತಾಳ, ಸಹಗಾಯನ ಯಾರೆಂದು ಕೇಳಿ ಪೂರ್ಣ ಹೆಸರು, ಊರು ಸಹಿತ ಹಾಕಿ. ನಿರೂಪಕರು ಅದನ್ನು ವೇದಿಕೆಯ ಮೇಲೆ ಓದಲಿ. ಶಾಲು ಹೊದಿಸುವುದಾದರೆ ಎಲ್ಲರಿಗೂ ಹೊದಿಸಿ, ಇಲ್ಲವೆ ಯಾರಿಗೂ ಬೇಡ. ಭಾವಚಿತ್ರ ತೆಗೆಯುವಾಗ ಒಂದನ್ನು ಎದುರಿನಿಂದ, ಅವರ ಮುಖ ಕಾಣುವಂತೆ ತೆಗೆಯಿರಿ. ಕಾರ್ಯಕ್ರಮದ ನಂತರ ಒಂದು ಪ್ರಮಾಣ ಪತ್ರ ಕೊಡಿ. ಅದಕ್ಕೆ ತಗಲುವ ಖರ್ಚು ಒಂದು ಹಾರದ ಖರ್ಚಿಗಿಂತ ಕಡಿಮೆ. ಯಾರದೋ ಮುಪ್ಪಿನಲ್ಲಿ ಆ ಕಾಗದವೇ ಊಟವಾಗಬಹುದು.

ಇಷ್ಟೆಲ್ಲ ಬರೆದು ಆ ಮಾಸ್ತರರ ಹೆಸರನ್ನು ನಾನೇ ಬರೆದಿಲ್ಲವೆಂದು ನೀವು ಕೇಳಬಹುದು, ಕೇಳಲೇಬೇಕು. ಲೇಖನಕ್ಕೆ ಮೊದಲು ಅವರ ಊರಿಗೆ ಹೋಗಿ ಅಪ್ಪಣೆ ಕೇಳಿದೆ. ಈಗ ಎಂಬತ್ತು ದಾಟಿದ್ದಾರೆ. ಕಟ್ಟೆಯ ಮೇಲೆ ಕುಳಿತಿದ್ದರು, ಬೆರಳುಗಳು ಮೊಣಕಾಲಿನ ಮೇಲೆ ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ನಾನು ಹೇಳಿದುದನ್ನೆಲ್ಲ ಕೇಳಿ ನಕ್ಕು, ‘ಈಗ್ಯಾಕ್ರೀ ಸರ, ಅವಾಗ ಬರೀಬೇಕಿತ್ತು’ ಎಂದರು. ನಂತರ ‘ಬರೀಬ್ಯಾಡ್ರಿ’ ಎಂದರು. ಅವರ ಮಾತನ್ನು ಮೀರುವ ಅಧಿಕಾರ ನನಗಿಲ್ಲ.

ಹೊರಡುವಾಗ ಒಂದು ಮಾತು ಕೇಳಿದರು: ‘ಆ ವರ್ಷ ಸ್ವಾಗತ ಗೀತೆ ಹಾಡಿದ್ಲಲ್ರೀ, ನಡುಗೋ ಹುಡುಗಿ, ಈಗ ಎಲ್ಲಿ ಅದಾಳ್ರೀ?’ ಅವಳ ಹೆಸರು ಅವರಿಗೆ ನೆನಪಿತ್ತು. ಅವಳ ತಂದೆಯ ಹೆಸರೂ, ಅವಳು ಹಾಡಿದ ಪಟ್ಟಿಯೂ ನೆನಪಿತ್ತು.

ನಿಮಗೆ ಪೇಟಿ ನುಡಿಸಿದವರ ಹೆಸರು ನಿಮಗೆ ನೆನಪಿದೆಯೇ? ನೆನಪಿದ್ದರೆ, ಅವರ ಒಪ್ಪಿಗೆ ಪಡೆದು, ಊರು, ವರ್ಷ ಸಹಿತ ನನಗೆ ಬರೆದು ಕಳುಹಿಸಿ. ಒಂದು ಪಟ್ಟಿ ಮಾಡೋಣ. ಒಂಬತ್ತು ಪತ್ರಿಕೆಗಳ ಸಾಲವನ್ನು ನಾನು ತೀರಿಸಲಾರೆ, ನಿಮ್ಮ ಮೇಲೆ ಅಂಥ ಸಾಲ ಬೀಳದಿರಲಿ ಎಂದು ಹಾರೈಸುತ್ತೇನೆ.